ರಿಸೀವರ್ ಹಾಳಾಗಿದೆಯಾ, ಜೋಡಣೆ ತಪ್ಪಿದೆಯಾ? ಮಾಡೆಲ್ ವಿಮಾನದವರಿಗೆ ಲಕ್ಷಣ ನೋಡಿ ಪತ್ತೆ ಹಚ್ಚುವ ದಾರಿ

ಕಾರವಾರ, ಕುಮಟಾ, ಶಿರಸಿ ಕಡೆ ಮಾಡೆಲ್ ವಿಮಾನದ ಸಾಮಾನು ಪೇಟೆಗೆ ಹೋಗಿ ತರುವಂಥದ್ದಲ್ಲ. ಆನ್‌ಲೈನಿನಲ್ಲಿ ಆರ್ಡರ್ ಹಾಕಿ ಕೊರಿಯರ್ ಬರುವ ತನಕ ಕಾಯಬೇಕು. ಹಾಗಾಗಿ ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವ, ವಿಮಾನದೊಳಗಿನ ಪುಟ್ಟ ಸಾಧನ) ಕೆಲಸ ಮಾಡಲಿಲ್ಲ ಅಂದ ತಕ್ಷಣ ‘ಇದು ಹೋಯ್ತು, ಇನ್ನೊಂದು ತರಿಸೋಣ’ ಅನ್ನುವುದು ದುಬಾರಿ ಅಭ್ಯಾಸ. ಹಾಳಾಗಿದೆ ಅಂತ ನನ್ನ ಹತ್ತಿರ ಬರುವ ರಿಸೀವರುಗಳಲ್ಲಿ ಜಾಸ್ತಿ ಪಾಲು ಚೆನ್ನಾಗೇ ಇರುತ್ತವೆ. ತಪ್ಪಿರುವುದು ಜೋಡಣೆಯಲ್ಲಿ. ರಿಮೋಟ್ ಮತ್ತು ರಿಸೀವರ್ ನಡುವೆ ಗಾಳಿಯಲ್ಲಿ ಒಂದು ಭಾಷೆ ನಡೆಯುತ್ತೆ. ರಿಸೀವರ್ ಮತ್ತು ಫ್ಲೈಟ್ ಕಂಟ್ರೋಲರ್ ನಡುವೆ ತಂತಿಯಲ್ಲಿ ಬೇರೆಯೇ ಭಾಷೆ ನಡೆಯುತ್ತೆ. ಇವೆರಡನ್ನೂ ಬಿಡಿಬಿಡಿಯಾಗಿ ನೋಡಿದರೆ ತೊಂದರೆ ಎಲ್ಲಿದೆ ಅಂತ ಬೇಗ ಗೊತ್ತಾಗುತ್ತೆ.

ಫ್ಲೈಟ್ ಕಂಟ್ರೋಲರ್ ಅಂದರೆ ವಿಮಾನವನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅದಕ್ಕೆ ಇಲ್ಲಿ ಸುಮ್ನೆ ಬೋರ್ಡ್ ಅಂತಲೇ ಬರೆಯುತ್ತೇನೆ.

ಕೈ ಹಾಕುವ ಮುಂಚೆ

ಪ್ರೊಪೆಲ್ಲರ್ ಬಿಚ್ಚಿಡಿ. ಬ್ಯಾಟರಿ ಹಾಕಿ ಮಾಡುವ ಪ್ರತಿ ಪರೀಕ್ಷೆಗೂ ಇದು ಕಡ್ಡಾಯ, ‘ಒಂದೇ ನಿಮಿಷ’ ಅನ್ನುವ ಮಾತೇ ಬೇಡ. ರಿಸೀವರ್ ಸೆಟ್ಟಿಂಗ್ ತಪ್ಪಿದ್ದಾಗ ಥ್ರಾಟಲ್ ಚಾನೆಲ್ (ಮೋಟಾರಿನ ವೇಗದ ಆದೇಶ) ಇದ್ದಕ್ಕಿದ್ದಂತೆ ಮೇಲೆ ಹೋಗಬಹುದು. ಐದಿಂಚಿನ ಪ್ರೊಪೆಲ್ಲರ್ ಕೂಡ ಬೆರಳನ್ನು ಎಲುಬಿನ ತನಕ ಕತ್ತರಿಸುತ್ತೆ. ಎರಡನೆಯದು, ಆಂಟೆನಾ ಹಾಕದೆ ರಿಮೋಟಿನ ಮಾಡ್ಯೂಲ್ (ಸಿಗ್ನಲ್ ಕಳಿಸುವ ಭಾಗ) ಆನ್ ಮಾಡಬೇಡಿ, ಅದರ ಪವರ್ ಭಾಗ ಸುಟ್ಟುಹೋಗಬಹುದು. ಮೂರನೆಯದು, ಬೆಸುಗೆ ಹಾಕುವಾಗ ಬ್ಯಾಟರಿ ಮತ್ತು ಯುಎಸ್‌ಬಿ ಎರಡೂ ತೆಗೆದಿರಲಿ.

ರಿಸೀವರಿನ ಲೈಟೇ ಹತ್ತುತ್ತಿಲ್ಲ

ಯುಎಸ್‌ಬಿ ಒಂದನ್ನೇ ಚುಚ್ಚಿ ನೋಡುತ್ತಿದ್ದೀರಾ? ಎಷ್ಟೋ ಬೋರ್ಡುಗಳಲ್ಲಿ 5 ವೋಲ್ಟಿನ ಪ್ಯಾಡಿಗೆ (ತಂತಿ ಬೆಸೆಯುವ ಜಾಗಕ್ಕೆ) ಕರೆಂಟ್ ಬರುವುದು ಬ್ಯಾಟರಿ ಹಾಕಿದಾಗ ಮಾತ್ರ. ಯುಎಸ್‌ಬಿಯಲ್ಲಿ ಬೋರ್ಡಿನ ಲೈಟ್ ಹತ್ತುತ್ತೆ, ರಿಸೀವರ್ ಮಾತ್ರ ಸತ್ತಂತೆ ಇರುತ್ತೆ. ಅದು ದೋಷವಲ್ಲ. ಕೆಲವು ಬೋರ್ಡುಗಳಲ್ಲಿ 4.5 ವೋಲ್ಟ್ ಅಂತ ಬರೆದ ಬೇರೆ ಪ್ಯಾಡ್ ಇರುತ್ತೆ, ಅದಕ್ಕೆ ಎರಡೂ ಕಡೆಯಿಂದ ಕರೆಂಟ್ ಬರುತ್ತೆ. ರಿಸೀವರನ್ನು ಅಲ್ಲಿಗೆ ಕೊಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭ.

ಬ್ಯಾಟರಿ ಹಾಕಿದರೂ ಲೈಟ್ ಇಲ್ಲ ಅಂದರೆ ಮಲ್ಟಿಮೀಟರ್ ತೆಗೆಯಿರಿ. ಅಳೆಯಬೇಕಾದ್ದು ಬೋರ್ಡಿನ ಪ್ಯಾಡಿನಲ್ಲಿ ಅಲ್ಲ, ರಿಸೀವರಿನ ಪ್ಯಾಡಿನಲ್ಲೇ. ಅಲ್ಲಿ 5ರ ಆಸುಪಾಸು ಇದ್ದೂ ಲೈಟ್ ಇಲ್ಲದಿದ್ದರೆ ರಿಸೀವರಿನ ಮೇಲೆ ಅನುಮಾನ ಪಡಬಹುದು. ಸೊನ್ನೆ ಬಂದರೆ ತಂತಿ ಅಥವಾ ಬೆಸುಗೆ. ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದರೆ ತಕ್ಷಣ ಬ್ಯಾಟರಿ ತೆಗೆಯಿರಿ. ಪ್ಲಸ್, ಮೈನಸ್ ತಿರುಗಿರಬೇಕು, ಇಲ್ಲವೇ ಒಳಗೆ ಶಾರ್ಟ್ ಆಗಿರಬೇಕು. ಇನ್ನೊಂದು ವಿಷಯ, ಸ್ಪೆಕ್ಟ್ರಮ್ ಕಂಪನಿಯ ಹಳೆಯ ‘ಸ್ಯಾಟಲೈಟ್’ (ಜೊತೆಗೆ ಹಾಕುವ ಪುಟ್ಟ) ರಿಸೀವರುಗಳು 3.3 ವೋಲ್ಟಿನವು, 5 ಕೊಟ್ಟರೆ ಉಳಿಯುವುದಿಲ್ಲ.

ಕರಾವಳಿಯವರು ಇಲ್ಲಿ ಇನ್ನೊಂದನ್ನು ನೋಡಲೇಬೇಕು. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ಪಿನ್ನಿನ ಬುಡ ನೋಡಿ. ತಿಳಿ ಹಸಿರು ಪುಡಿ ಕೂತಿದೆಯಾ? ಅದು ಕಿಲುಬು. ಸಮುದ್ರದ ಗಾಳಿಯ ಉಪ್ಪು, ಮಳೆಗಾಲದ ತೇವ ಎರಡೂ ಸೇರಿ ತಾಮ್ರವನ್ನು ತಿಂದಿರುತ್ತೆ. ಮೇಲಿಂದ ತಂತಿ ಗಟ್ಟಿಯಾಗೇ ಕಾಣುತ್ತೆ, ಆದರೆ ಪ್ಲಾಸ್ಟಿಕ್ ಸಿಪ್ಪೆಯ ಒಳಗೆ ಎಳೆಗಳು ಕಪ್ಪಾಗಿ ಪುಡಿ ಪುಡಿಯಾಗಿರುತ್ತವೆ. ಬೀಚಿನ ಮರಳಿನ ಮೇಲೆ ಒಮ್ಮೆ ಇಳಿಸಿ, ಹಾಗೇ ಬ್ಯಾಗಿಗೆ ಹಾಕಿ ತಿಂಗಳುಗಟ್ಟಲೆ ಇಟ್ಟ ವಿಮಾನದಲ್ಲಿ ಇದು ತೀರಾ ಸಾಮಾನ್ಯ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಇರುತ್ತೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಅದನ್ನು ಹಚ್ಚಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕರೆಂಟ್ ಕೊಡಿ. ಕಪ್ಪಾದ ತಂತಿಯನ್ನು ಉಳಿಸಲು ಹೋಗಬೇಡಿ, ಕತ್ತರಿಸಿ ಹೊಸದು ಹಾಕಿ. ಆಮೇಲೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಬಳಿದರೆ ಬಾಳಿಕೆ ಬರುತ್ತೆ, ಆದರೆ ಆಂಟೆನಾ ಕನೆಕ್ಟರ್, ಯುಎಸ್‌ಬಿ ಬಾಯಿ, ಬಟನ್, ಬೋರ್ಡಿನ ಬಾರೋಮೀಟರ್ ತೂತು ಇವಕ್ಕೆ ತಾಗಿಸಬಾರದು.

ಲೈಟ್ ಮಿನುಗುತ್ತಲೇ ಇದೆ, ಬೈಂಡ್ ಆಗುತ್ತಿಲ್ಲ

ಕರೆಂಟ್ ಸರಿ ಇದೆ, ಬೋರ್ಡಿನ ತಂತಿಗೂ ಇದಕ್ಕೂ ಸಂಬಂಧವಿಲ್ಲ. ಬೈಂಡ್ ಅಂದರೆ ರಿಮೋಟನ್ನೂ ರಿಸೀವರನ್ನೂ ಜೋಡಿ ಮಾಡುವುದು. ಇಲ್ಲಿ ಗಾಳಿಯ ಭಾಷೆ ಹೊಂದುತ್ತಿಲ್ಲ.

‘ಎರಡೂ 2.4 ಗಿಗಾಹರ್ಟ್ಸ್ ಅಲ್ವಾ, ಯಾಕೆ ಸೇರಲ್ಲ?’ ಅಂತ ಕೇಳುವವರು ಬಹಳ. ಅಲೆ ಒಂದೇ ಇದ್ದ ಮಾತ್ರಕ್ಕೆ ಸಾಲದು, ಪ್ರೊಟೊಕಾಲ್ (ಮಾತಾಡುವ ಭಾಷೆ) ಕೂಡ ಒಂದೇ ಇರಬೇಕು. ಫ್ಲೈಸ್ಕೈ ಕಂಪನಿಯ ಹಳೆಯ ಎಎಫ್‌ಎಚ್‌ಡಿಎಸ್ ಬೇರೆ, ಎಎಫ್‌ಎಚ್‌ಡಿಎಸ್ 2ಎ ಬೇರೆ. ಫ್ರಸ್ಕೈ ಕಂಪನಿಯದರಲ್ಲಿ ಡಿ8, ಡಿ16, ಆಕ್ಸೆಸ್ ಅಂತ ಬೇರೆ ಬೇರೆ. ಡಿ16ರಲ್ಲೇ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) 1ರ ಸಾಲಿನದು 2ರ ಸಾಲಿನದಕ್ಕೆ ಬೈಂಡ್ ಆಗುವುದಿಲ್ಲ, ಯುರೋಪಿನ ಎಲ್‌ಬಿಟಿ ಆವೃತ್ತಿ ಉಳಿದ ದೇಶಗಳ ಆವೃತ್ತಿಗೆ ಸೇರುವುದಿಲ್ಲ. ರಿಮೋಟಿನಲ್ಲಿ ‘4-ಇನ್-1’ ಮಲ್ಟಿ ಮಾಡ್ಯೂಲ್ ಇದೆ, ಹಾಗಾಗಿ ಎಲ್ಲ ರಿಸೀವರೂ ನಡೆಯುತ್ತೆ ಅಂತ ಅಂದುಕೊಳ್ಳಬೇಡಿ. ದೂರ ಹೋಗುವ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಅನ್ನುವ ಭಾಷೆಗೆ ಬೇಕಾದ ಚಿಪ್ಪೇ ಅದರಲ್ಲಿ ಇಲ್ಲ. ಈಗ ರಿಸೀವರ್ ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ರಿಸೀವರ್ ಆದರೆ ಲೈಟೇ ಬಹಳಷ್ಟು ಹೇಳುತ್ತೆ. ನಿಧಾನವಾಗಿ ಮಿನುಗಿದರೆ ರಿಮೋಟಿಗಾಗಿ ಹುಡುಕುತ್ತಿದೆ. ಎರಡೆರಡು ಸಲ ಮಿನುಗಿದರೆ ಬೈಂಡ್ ಮೋಡ್. ಒಂದು ನಿಮಿಷದಷ್ಟು ಹೊತ್ತು ರಿಮೋಟ್ ಸಿಗದಿದ್ದರೆ ವೇಗವಾಗಿ ಮಿನುಗಲು ಶುರುಮಾಡುತ್ತೆ, ಅದು ವೈಫೈ ಮೋಡ್, ಹಾಳಾದದ್ದಲ್ಲ. ಕರೆಂಟ್ ಕೊಟ್ಟ ಕ್ಷಣದಿಂದ, ರಿಮೋಟ್ ಆಫ್ ಇದ್ದಾಗಲೂ ಲೈಟ್ ಒಂದೇ ಸಮನೆ ಉರಿಯುತ್ತಿದ್ದರೆ ರಿಸೀವರ್ ಬೂಟ್‌ಲೋಡರಿನಲ್ಲಿ (ಫರ್ಮ್‌ವೇರ್ ತುಂಬಿಸುವ ಸ್ಥಿತಿಯಲ್ಲಿ) ಸಿಕ್ಕಿಹಾಕಿಕೊಂಡಿದೆ. ಬೂಟ್ ಪ್ಯಾಡ್ ಯಾವುದಕ್ಕೋ ತಾಗಿರಬಹುದು, ಅಥವಾ ಬೋರ್ಡಿನಲ್ಲಿ ರಿಸೀವರ್ ಸೇರಿಸಿದ ಯುಆರ್ಟ್ (ಸೀರಿಯಲ್ ಪೋರ್ಟ್) ಅದನ್ನು ಕೆಳಗೆ ಎಳೆಯುತ್ತಿರಬಹುದು. ಡೇಟಾ ತಂತಿ ಎರಡನ್ನೂ ಬಿಡಿಸಿ ಬರೀ ಕರೆಂಟ್ ಕೊಟ್ಟು ನೋಡಿ, ಆಗ ಮಿನುಗಿದರೆ ಯುಆರ್ಟ್ ಬದಲಿಸಿದರಾಯ್ತು.

ಬೈಂಡ್ ಮಾಡುವ ದಾರಿ ಎರಡು. ಒಂದು, ಕರೆಂಟನ್ನು ಮೂರು ಸಲ ಬೇಗ ಬೇಗ ಕೊಟ್ಟು ತೆಗೆದು ಬೈಂಡ್ ಮೋಡಿಗೆ ತರುವುದು. ಇನ್ನೊಂದು, ಎರಡೂ ಕಡೆ ಒಂದೇ ಬೈಂಡಿಂಗ್ ಫ್ರೇಸ್ (ಗುರುತಿನ ಪದಗುಚ್ಛ) ಹಾಕಿ ಫ್ಲಾಶ್ ಮಾಡುವುದು, ಅಂದರೆ ಫರ್ಮ್‌ವೇರ್ ಮತ್ತೆ ತುಂಬಿಸುವುದು. ಎರಡಕ್ಕೂ ಮೊದಲು ಆವೃತ್ತಿ ನೋಡಿ. ರಿಮೋಟ್ 3ರ ಸಾಲಿನದು, ರಿಸೀವರ್ 2ರ ಸಾಲಿನದು ಇದ್ದರೆ ಏನು ಮಾಡಿದರೂ ಸೇರುವುದಿಲ್ಲ. ಸೇರಿದ ಮೇಲೂ ಮೂರು ಸಲ ಮಿನುಗಿ ನಿಂತು ಮತ್ತೆ ಮೂರು ಸಲ ಮಿನುಗುತ್ತಿದ್ದರೆ ಮಾಡೆಲ್ ಮ್ಯಾಚ್ ಸಂಖ್ಯೆ (ರಿಮೋಟಿನ ಮಾಡೆಲ್ಲಿಗೂ ರಿಸೀವರಿಗೂ ಒಂದೇ ಇರಬೇಕಾದದ್ದು) ಹೊಂದುತ್ತಿಲ್ಲ.

ರಿಮೋಟನ್ನು ರಿಸೀವರಿಗೆ ಅಂಟಿಸಿಕೊಂಡು ಬೈಂಡ್ ಮಾಡಬೇಡಿ. ಒಂದೆರಡು ಮೀಟರ್ ದೂರ ಇರಲಿ. ತೀರಾ ಹತ್ತಿರದಲ್ಲಿ ಸಿಗ್ನಲ್ ಜಾಸ್ತಿಯಾಗಿಯೂ ರಿಸೀವರ್ ತಡವರಿಸುತ್ತೆ.

ಬೈಂಡ್ ಆಗಿದೆ, ಆದರೆ ಕಂಪ್ಯೂಟರಿನಲ್ಲಿ ಬಾರ್ ಅಲುಗುತ್ತಿಲ್ಲ

ಬಾರ್ ಅಂದರೆ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿದಾಗ, ರಿಮೋಟಿನ ಕೋಲು ಅಲುಗಿಸಿದಂತೆ ತೆರೆಯ ಮೇಲೆ ಓಡಾಡುವ ಪಟ್ಟಿ. ಅತಿ ಹೆಚ್ಚು ಒಳ್ಳೆಯ ರಿಸೀವರುಗಳು ಕಸಕ್ಕೆ ಹೋಗುವುದು ಈ ಹಂತದಲ್ಲಿ. ಕುಮಟಾ ಕಡೆಯ ಹುಡುಗನೊಬ್ಬ ‘ಅಣ್ಣಾ, ಎರಡನೇದೂ ಹೋಯ್ತು’ ಅಂತ ತಂದಿದ್ದ. ಎರಡು ರಿಸೀವರಿನಲ್ಲೂ ಲೈಟ್ ಸ್ಥಿರವಾಗಿ ಉರಿಯುತ್ತಿತ್ತು, ಅಂದರೆ ರಿಮೋಟಿನ ಮಾತು ಅವುಗಳಿಗೆ ಕೇಳುತ್ತಿತ್ತು. ಎಸ್‌ಬಸ್ (ತಂತಿಯ ಭಾಷೆಗಳಲ್ಲೊಂದು) ತಂತಿಯನ್ನು ಎಫ್4 ಚಿಪ್ಪಿನ ಬೋರ್ಡಿನ ಯಾವುದೋ ಖಾಲಿ ಆರ್‌ಎಕ್ಸ್ (ಸಿಗ್ನಲ್ ಒಳಬರುವ) ಪ್ಯಾಡಿಗೆ ಹಾಕಿದ್ದ, ಅಷ್ಟೇ. ಎಸ್‌ಬಸ್ ಅಂತ ಬರೆದ ಪ್ಯಾಡಿಗೆ ಬದಲಿಸಿದ ಕೂಡಲೇ ಬಾರ್ ಓಡಾಡಿದವು.

ಕಾರಣ ಇದು. ಎಸ್‌ಬಸ್ ಅನ್ನುವುದು ತಲೆಕೆಳಗಾದ ಸೀರಿಯಲ್ ಸಿಗ್ನಲ್. ಸಾಮಾನ್ಯ ಸೀರಿಯಲ್‌ನಲ್ಲಿ ಮೇಲಿರಬೇಕಾದ ವೋಲ್ಟೇಜ್ ಇದರಲ್ಲಿ ಕೆಳಗಿರುತ್ತೆ. ಎಫ್7 ಮತ್ತು ಎಚ್7 ಚಿಪ್ಪುಗಳು ಇದನ್ನು ಒಳಗೇ ತಿರುಗಿಸಿಕೊಳ್ಳಬಲ್ಲವು, ಹಾಗಾಗಿ ಯಾವ ಆರ್‌ಎಕ್ಸ್ ಪ್ಯಾಡಾದರೂ ನಡೆಯುತ್ತೆ. ಎಫ್4ಗೆ ಆ ಶಕ್ತಿ ಇಲ್ಲ. ಅದಕ್ಕಾಗಿ ಬೋರ್ಡ್ ಮಾಡುವವರು ಒಂದು ಪ್ಯಾಡಿಗೆ ಮಾತ್ರ ತಿರುಗಿಸುವ ಸರ್ಕ್ಯೂಟ್ ಹಾಕಿರುತ್ತಾರೆ. ಎಸ್‌ಬಸ್ ಅಲ್ಲಿಗೇ ಹೋಗಬೇಕು. ಇದರ ಉಲ್ಟಾ ತಪ್ಪೂ ನಡೆಯುತ್ತೆ. ಸಿಆರ್‌ಎಸ್‌ಎಫ್ (ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ರಿಸೀವರಿನ ತಂತಿಯ ಭಾಷೆ) ಮತ್ತು ಐಬಸ್ (ಫ್ಲೈಸ್ಕೈಯದು) ತಲೆಕೆಳಗಾದವಲ್ಲ, ಅವನ್ನು ಆ ಎಸ್‌ಬಸ್ ಪ್ಯಾಡಿಗೆ ಕೊಟ್ಟರೆ ಬೋರ್ಡಿಗೆ ಏನೂ ಅರ್ಥವಾಗುವುದಿಲ್ಲ.

ಆದರೆ ಬೆಸುಗೆ ಬಿಚ್ಚುವ ಮೊದಲು ದುಡ್ಡು ಬೇಡದ ಪರೀಕ್ಷೆಗಳನ್ನು ಮುಗಿಸಿ. ಬೀಟಾಫ್ಲೈಟ್ ಅಥವಾ ಐನ್ಯಾವ್ (ಎರಡೂ ಬೋರ್ಡಿನ ಫರ್ಮ್‌ವೇರುಗಳು) ತೋರಿಸುವ ಪೋರ್ಟ್ಸ್ ಪುಟದಲ್ಲಿ ಸೀರಿಯಲ್ ಆರ್‌ಎಕ್ಸ್ ಸ್ವಿಚ್ ನೀವು ತಂತಿ ಹಾಕಿದ ಯುಆರ್ಟ್ ಮೇಲೆಯೇ ಇದೆಯಾ? ರಿಸೀವರ್ ಪುಟದಲ್ಲಿ ಸರಿಯಾದ ಪ್ರೊಟೊಕಾಲ್ ಆರಿಸಿದ್ದೀರಾ? ಸೇವ್ ಒತ್ತಿದ್ದೀರಾ? ಆರ್ಡುಪೈಲಟ್ ಅನ್ನುವ ಫರ್ಮ್‌ವೇರ್ ಆದರೆ ಆ ಸೀರಿಯಲ್ ಪೋರ್ಟಿನ ಪ್ರೊಟೊಕಾಲ್ 23 ಇರಬೇಕು.

ಆಮೇಲೆ ತಂತಿ. ಸಿಆರ್‌ಎಸ್‌ಎಫ್ ಎರಡೂ ದಿಕ್ಕಿಗೆ ಮಾತಾಡುತ್ತೆ, ರಿಸೀವರಿನ ಟಿಎಕ್ಸ್ (ಕಳಿಸುವ ಪ್ಯಾಡ್) ಬೋರ್ಡಿನ ಆರ್‌ಎಕ್ಸ್‌ಗೆ, ರಿಸೀವರಿನ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ ಅಡ್ಡವಾಗಿ ಹೋಗಬೇಕು, ಎರಡೂ ಒಂದೇ ಸಂಖ್ಯೆಯ ಯುಆರ್ಟಿನವೇ ಆಗಿರಬೇಕು. ಬಾರ್ ಅಲುಗುತ್ತೆ, ಟೆಲಿಮೆಟ್ರಿ (ವಿಮಾನದಿಂದ ರಿಮೋಟಿಗೆ ಬರುವ ಮಾಹಿತಿ) ಮಾತ್ರ ಬರುತ್ತಿಲ್ಲ ಅಂದರೆ ಬೋರ್ಡಿನಿಂದ ವಾಪಸ್ ಬರುವ ಆ ಎರಡನೇ ತಂತಿಯನ್ನು ನೋಡಿ, ಅದರ ಜೊತೆ ಟೆಲಿಮೆಟ್ರಿ ಆನ್ ಇದೆಯಾ ಅಂತಲೂ ನೋಡಿ. ಸಾಫ್ಟ್‌ಸೀರಿಯಲ್‌ನಲ್ಲಿ (ಸಾಫ್ಟ್‌ವೇರಿನಲ್ಲೇ ಮಾಡಿದ ಪೋರ್ಟಿನಲ್ಲಿ) ಸಿಆರ್‌ಎಸ್‌ಎಫ್ ಓಡಿಸಲು ಹೋಗಬೇಡಿ, ಸಿಆರ್‌ಎಸ್‌ಎಫ್ ವೇಗ 4 ಲಕ್ಷ ಬಾಡ್‌ಗಿಂತ ಜಾಸ್ತಿ. ಫ್ಲೈಸ್ಕೈಯ ಎಫ್‌ಎಸ್-ಐಎ6ಬಿ ರಿಸೀವರಿನಲ್ಲಿ ಐಬಸ್ ಬಾಯಿ ಎರಡಿವೆ, ಒಂದು ಸರ್ವೋ, ಇನ್ನೊಂದು ಸೆನ್ಸರ್. ಬೋರ್ಡಿಗೆ ಬರಬೇಕಾದ್ದು ಸರ್ವೋ ಕಡೆಯಿಂದ.

ಡಿಜಿಟಲ್ ವಿಡಿಯೊ ಯೂನಿಟ್ ಹಾಕಿದವರು ಅದರ ಪ್ಲಗ್ ತೆಗೆದು ನೋಡಿ. ಆ ಪ್ಲಗ್‌ನಲ್ಲಿ ಒಂದು ಎಸ್‌ಬಸ್ ತಂತಿ ಇರುತ್ತೆ. ಕೆಲವು ಬೋರ್ಡುಗಳಲ್ಲಿ ಅದು ರಿಸೀವರ್ ಕೂತ ಯುಆರ್ಟಿಗೇ ಸೇರಿರುತ್ತೆ, ಇಬ್ಬರೂ ಒಟ್ಟಿಗೆ ಮಾತಾಡಿದರೆ ಬೋರ್ಡಿಗೆ ಯಾರದ್ದೂ ಕೇಳುವುದಿಲ್ಲ. ಆ ಒಂದು ತಂತಿಯನ್ನು ಪ್ಲಗ್‌ನಿಂದ ಹೊರಗೆ ತೆಗೆದು ಟೇಪ್ ಸುತ್ತಿದರೆ ಸರಿಹೋಗುತ್ತೆ.

ಬಾರ್ ಅಲುಗುತ್ತೆ, ಆದರೆ ಬೇರೆಯದೇ ಅಲುಗುತ್ತೆ

ಥ್ರಾಟಲ್ ಏರಿಸಿದರೆ ರೋಲ್ ಬಾರ್ ಹೋದರೆ ಚಾನೆಲ್ ಸಾಲು ತಪ್ಪಿದೆ. ಎಇಟಿಆರ್ (ಏಲೆರಾನ್, ಎಲಿವೇಟರ್, ಥ್ರಾಟಲ್, ರಡ್ಡರ್ ಅನ್ನುವ ಸಾಲು) ಇದ್ದದ್ದನ್ನು ಟಿಎಇಆರ್ ಮಾಡಿ, ಅಥವಾ ಉಲ್ಟಾ. ಸ್ಪೆಕ್ಟ್ರಮ್, ಜೆಆರ್ ಕಡೆಯವು ಟಿಎಇಆರ್. ಉಳಿದ ಹೆಚ್ಚಿನವು ಎಇಟಿಆರ್. ಕೋಲು ನಡುವೆ ಇದ್ದಾಗ 1500, ತುದಿಗಳಲ್ಲಿ 1000 ಮತ್ತು 2000 ಬರುವಂತೆ ರಿಮೋಟಿನಲ್ಲೇ ಸರಿ ಮಾಡಿ. ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್‌ನಲ್ಲಿ ಐದನೇ ಚಾನೆಲ್ ಎರಡೇ ಹಂತದ್ದು, ಅದನ್ನು ಆರ್ಮ್ (ಮೋಟಾರ್ ಚಾಲೂ ಮಾಡುವ) ಸ್ವಿಚ್ಚಿಗೇ ಬಿಡಿ.

ಎಲ್ಲ ಸರಿ, ಆದರೆ ಆರ್ಮ್ ಆಗುತ್ತಿಲ್ಲ

ಇದರಲ್ಲಿ ಊಹೆ ಬೇಕಾಗಿಲ್ಲ. ಸಿಎಲ್‌ಐ (ಆದೇಶ ಟೈಪ್ ಮಾಡುವ) ಪುಟದಲ್ಲಿ ಸ್ಟೇಟಸ್ ಅಂತ ಕೊಟ್ಟರೆ ಬೀಟಾಫ್ಲೈಟ್ ಕಾರಣವನ್ನೇ ಬರೆಯುತ್ತೆ. ಆರ್‌ಎಕ್ಸ್ ಲಾಸ್ ಅಂದರೆ ಸಿಗ್ನಲ್ ಇಲ್ಲ. ಥ್ರಾಟಲ್ ಅಂದರೆ ಕೋಲು ಕೆಳಗಿದ್ದರೂ ಬೆಲೆ 1050ಕ್ಕಿಂತ ಮೇಲಿದೆ. ಎಂಎಸ್‌ಪಿ ಅಂದರೆ ಕಂಪ್ಯೂಟರ್ ಜೋಡಿಸಿಕೊಂಡಿದ್ದೀರಿ, ಅದು ಬೇಕಂತಲೇ ಇಟ್ಟ ತಡೆ. ಆರ್ಮ್ ಸ್ವಿಚ್ ಅಂದರೆ ಸ್ವಿಚ್ ಆನ್ ಇದ್ದಾಗಲೇ ಬೋರ್ಡ್ ಎದ್ದಿದೆ ಅಥವಾ ಬೇರೆ ತಡೆ ಇದ್ದಾಗ ಸ್ವಿಚ್ ಹಾಕಿದ್ದೀರಿ.

ಸರ್ವೋ ನಡುಗುತ್ತೆ, ಕೋಲು ಜೋರಾಗಿ ತಿರುಗಿಸಿದರೆ ರಿಸೀವರ್ ಆಫ್ ಆಗಿ ಬರುತ್ತೆ

ರೆಕ್ಕೆಯ ವಿಮಾನದಲ್ಲಿ ಮಾತ್ರ ಈ ತೊಂದರೆ ಜಾಸ್ತಿ. ನಾಲ್ಕು ಸರ್ವೋ (ರೆಕ್ಕೆ, ಬಾಲದ ಹಲಗೆ ತಿರುಗಿಸುವ ಪುಟ್ಟ ಮೋಟಾರ್) ಒಟ್ಟಿಗೆ ಕರೆಂಟ್ ಎಳೆದಾಗ ಬೋರ್ಡಿನ 5 ವೋಲ್ಟ್ ಕುಸಿಯುತ್ತೆ. ಕುಸಿದ ಕ್ಷಣ ರಿಸೀವರ್ ರೀಬೂಟ್ ಆಗುತ್ತೆ, ಅಷ್ಟರಲ್ಲಿ ವಿಮಾನ ಎಲ್ಲಿಗೋ ಹೋಗಿರುತ್ತೆ. ಸರ್ವೋ ಪ್ಲಗ್ ಎಲ್ಲ ತೆಗೆದಾಗ ತೊಂದರೆ ನಿಂತರೆ ರಿಸೀವರಿಗೂ ಇದಕ್ಕೂ ಸಂಬಂಧವಿಲ್ಲ. ಸರ್ವೋಗಳಿಗೆ ಬೇರೆಯೇ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಸಾಧನ) ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿರಲಿ.

ಹತ್ತಿರದಲ್ಲಿ ಸರಿ, ದೂರ ಹೋದರೆ ಕಟ್

ಮೊದಲು ಕಣ್ಣಿನ ಪರೀಕ್ಷೆ. 2.4 ಗಿಗಾಹರ್ಟ್ಸ್‌ನ ತೆಳು ತಂತಿ ಆಂಟೆನಾದ ತುದಿಯಲ್ಲಿ ಸುಮಾರು 31 ಮಿಲಿಮೀಟರ್ ಸಿಪ್ಪೆ ತೆಗೆದ ಭಾಗ ಇರುತ್ತೆ. ನಿಜವಾಗಿ ಸಿಗ್ನಲ್ ಹಿಡಿಯುವುದು ಆ ತುಂಡು. ಅದು ಮುರಿದಿದ್ದರೆ, ಪ್ರೊಪೆಲ್ಲರ್ ಕತ್ತರಿಸಿದ್ದರೆ ವಿಮಾನ ಮೇಜಿನ ಮೇಲೆ ಚೆನ್ನಾಗೇ ನಡೆಯುತ್ತೆ, ಗದ್ದೆ ದಾಟುವಷ್ಟರಲ್ಲಿ ಕಟ್ ಆಗುತ್ತೆ. ಆಂಟೆನಾವನ್ನು ರಿಸೀವರಿಗೆ ಸಿಗಿಸುವ, ತೀರಾ ಚಿಕ್ಕದಾದ ಹಿತ್ತಾಳೆ ಬಣ್ಣದ ಕನೆಕ್ಟರ್ ಪೂರ್ತಿ ಒತ್ತಿ ಕೂತಿದೆಯಾ ಅಂತಲೂ ನೋಡಿ. ಅರ್ಧ ಎದ್ದಿದ್ದರೆ ಲಕ್ಷಣ ಇದೇ. ಆಂಟೆನಾ ಕಾರ್ಬನ್ ಫೈಬರಿಗೆ ಒರಗಿರಬಾರದು, ಬ್ಯಾಟರಿಯ ಹಿಂದೆ ಅವಿತಿರಬಾರದು, ವಿಡಿಯೊ ಟ್ರಾನ್ಸ್‌ಮಿಟರಿನಿಂದ ಆದಷ್ಟು ದೂರ ಇರಬೇಕು. ಎರಡು ಇದ್ದರೆ ಒಂದಕ್ಕೊಂದು 90 ಡಿಗ್ರಿ.

ನಂತರ ಜಾಗ. ಶಿರಸಿ ಕಡೆ ಅಡಿಕೆ ತೋಟದ ಅಂಚಿನಿಂದ ಹಾರಿಸುವವರಿಗೆ ಮಳೆ ನಿಂತ ಮೇಲೂ ಸಿಗ್ನಲ್ ಬೇಗ ಬೀಳುತ್ತೆ. ಒದ್ದೆ ಎಲೆ, ನೀರು ಕುಡಿದ ಮರ 2.4ರ ಅಲೆಯನ್ನು ಚೆನ್ನಾಗಿ ಹೀರುತ್ತವೆ. ಬೆಟ್ಟದ ತಿರುವಿನ ಹಿಂದೆ ಹೋದರಂತೂ ಯಾವ ರಿಸೀವರೂ ಕಾಪಾಡುವುದಿಲ್ಲ. ಬೇಣದಂಥ ತೆರೆದ ಎತ್ತರ, ಅಘನಾಶಿನಿ ಬದಿಯ ಗಜನಿಯಂಥ ಬಯಲು ಸಿಕ್ಕಿದರೆ ಅದೇ ರಿಸೀವರ್ ಎಷ್ಟೋ ಪಾಲು ದೂರ ಹೋಗುತ್ತೆ.

ಅಂಕಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ 2.4ರಲ್ಲಿ 250 ಹರ್ಟ್ಸ್ ವೇಗಕ್ಕೆ ಕೇಳುವ ಮಿತಿ ಮೈನಸ್ 108 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟು ಸಿಗ್ನಲ್ ಕ್ಷೀಣ), 50 ಹರ್ಟ್ಸ್‌ಗೆ ಮೈನಸ್ 115. ಟೆಲಿಮೆಟ್ರಿಯಲ್ಲಿ ಮೈನಸ್ 95 ತೋರಿಸುತ್ತಿದ್ದರೆ 250ರಲ್ಲಿ ಉಳಿದಿರುವ ಜಾಗ ಕಡಿಮೆ, ವಾಪಸ್ ತಿರುಗಿಸಿ. ಡಿಬಿಎಂ ಚೆನ್ನಾಗಿದ್ದು ಎಲ್‌ಕ್ಯೂ (ಸರಿಯಾಗಿ ತಲುಪಿದ ಸಂದೇಶಗಳ ಶೇಕಡಾ ಪ್ರಮಾಣ) ಮಾತ್ರ ಬೀಳುತ್ತಿದ್ದರೆ ಅದು ದೂರದ ತೊಂದರೆಯಲ್ಲ, ಹತ್ತಿರದಲ್ಲೇ ಯಾವುದೋ ಗದ್ದಲ ಇದೆ ಅಂತ ಅರ್ಥ. ಹೆಚ್ಚಾಗಿ ನಿಮ್ಮದೇ ವಿಡಿಯೊ ಟ್ರಾನ್ಸ್‌ಮಿಟರ್, ಕ್ಯಾಮೆರಾ ಅಥವಾ ಪಕ್ಕದ ವೈಫೈ.

ದೂರ ಬೇಕು ಅಂತ 915 ಮೆಗಾಹರ್ಟ್ಸ್‌ನ ಸೆಟ್ ತರಿಸುವವರಿದ್ದಾರೆ. ನಮ್ಮ ದೇಶದಲ್ಲಿ ಅದು ಮುಕ್ತ ಪಟ್ಟಿಯಲ್ಲ, 902ರಿಂದ 928ರ ಆ ಹರವಿನಲ್ಲಿ ಮೊಬೈಲ್ ಕಂಪನಿಗಳ ಅಲೆಗಳಿವೆ. ಇಲ್ಲಿ ಲೈಸೆನ್ಸ್ ಬೇಡದ್ದು 865ರಿಂದ 868. ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್‌ನಲ್ಲಿ ಭಾರತಕ್ಕೆಂದೇ 866ರ ಆಯ್ಕೆ ಇದೆ, ಎರಡೂ ಕಡೆ ಅದನ್ನೇ ಹಾಕಿ ಫ್ಲಾಶ್ ಮಾಡಬೇಕು, ಒಂದು ಕಡೆ ಬೇರೆ ಇದ್ದರೆ ಬೈಂಡೇ ಆಗುವುದಿಲ್ಲ.

ಕಾರವಾರದವರು ಇನ್ನೂ ಎಚ್ಚರ ಇರಬೇಕು. ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಹಾರಿಸುವ ಜಾಗ ಯಾವ ಬಣ್ಣದ ವಲಯದಲ್ಲಿದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವುದು) ನೋಡದೆ ರೇಂಜ್ ಪರೀಕ್ಷೆಗೆ ಇಳಿಯಬೇಡಿ. ಸಿಗ್ನಲ್ ಕಟ್ ಆಗಿ ವಿಮಾನ ಆ ಕಡೆ ಹೋದರೆ ರಿಸೀವರಿನ ದೋಷ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ರಿಮೋಟ್ ಆಫ್ ಮಾಡಿದರೂ ಮೋಟಾರ್ ತಿರುಗುತ್ತಲೇ ಇದೆ

ಇಡೀ ಬರಹದಲ್ಲಿ ಇದೊಂದನ್ನು ಯಾರೂ ಬಿಡಬಾರದು. ರಿಸೀವರ್ ಸಿಗ್ನಲ್ ಕಳಕೊಂಡಾಗ ಕೊನೆಯ ಬೆಲೆಗಳನ್ನೇ ಕಳಿಸುತ್ತಿದ್ದರೆ ಬೋರ್ಡಿಗೆ ರಿಮೋಟ್ ಹೋಗಿದೆ ಅಂತ ಗೊತ್ತೇ ಆಗುವುದಿಲ್ಲ. ಹಿಂತಿರುಗಿ ಬಾ ಅನ್ನುವ ಸೆಟ್ಟಿಂಗ್ ಇದ್ದರೂ ವಿಮಾನ ಅದೇ ಥ್ರಾಟಲಿನಲ್ಲಿ ಹೋಗುತ್ತಲೇ ಇರುತ್ತೆ.

ಪ್ರೊಪೆಲ್ಲರ್ ಇಲ್ಲದೆ ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ, ರಿಮೋಟ್ ಆಫ್ ಮಾಡಿ. ಬೀಟಾಫ್ಲೈಟಿನಲ್ಲಿ ಡ್ರಾಪ್ (ಮೋಟಾರ್ ನಿಲ್ಲಿಸು) ಇಟ್ಟಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮೋಟಾರ್ ನಿಲ್ಲಬೇಕು. ಐನ್ಯಾವ್ ಅಥವಾ ಆರ್ಡುಪೈಲಟ್ ಇದ್ದರೆ ಬೋರ್ಡ್ ಫೇಲ್‌ಸೇಫ್ (ಸಿಗ್ನಲ್ ಹೋದಾಗಿನ ರಕ್ಷಣೆ) ಅಂತ ತೋರಿಸಬೇಕು. ಫ್ರಸ್ಕೈ ರಿಸೀವರಾದರೆ ರಿಮೋಟಿನಲ್ಲಿ ‘ನೋ ಪಲ್ಸಸ್’ (ಸಿಗ್ನಲ್ ಕೊಡುವುದನ್ನೇ ನಿಲ್ಲಿಸು) ಆರಿಸಿ, ‘ಹೋಲ್ಡ್’ (ಕೊನೆಯ ಬೆಲೆ ಹಿಡಿದಿಡು) ಬೇಡವೇ ಬೇಡ. ಸಿಗ್ನಲ್ ನಿಲ್ಲಿಸಲು ಬಾರದ ರಿಸೀವರ್ ಆದರೆ ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಬೆಲೆ ಎಂದೂ ಬಾರದಷ್ಟು ಕೆಳಗೆ ಹೋಗುವಂತೆ ಇಟ್ಟುಕೊಳ್ಳಬೇಕು. ಆರ್ಡುಪೈಲಟ್‌ನ ವಿಮಾನದಲ್ಲಿ 950ಕ್ಕಿಂತ ಕೆಳಗೆ ಬಂದರೆ ಅದು ಫೇಲ್‌ಸೇಫ್ ಅಂತ ಹಿಡಿಯುತ್ತೆ. ಈ ಪರೀಕ್ಷೆ ಪಾಸಾಗದ ವಿಮಾನವನ್ನು ಯಾರು ಒತ್ತಾಯ ಮಾಡಿದರೂ ಹಾರಿಸಬೇಡಿ.

ಹೊಸದು ಕೊಳ್ಳಲೇಬೇಕಾದರೆ

ರಿಸೀವರಿನಿಂದ ಶುರು ಮಾಡಬೇಡಿ. ಮೊದಲು ರಿಮೋಟ್ ಯಾವ ಭಾಷೆ ಕಳಿಸುತ್ತೆ ನೋಡಿ, ಆಮೇಲೆ ಬೋರ್ಡಿನಲ್ಲಿ ಯಾವ ಯುಆರ್ಟ್ ಖಾಲಿ ಇದೆ ನೋಡಿ. ಜಿಪಿಎಸ್, ವಿಡಿಯೊ ಎಲ್ಲ ಕೂತ ಮೇಲೆ ಎಸ್‌ಬಸ್ ಪ್ಯಾಡ್ ಒಂದೇ ಉಳಿದ ಎಫ್4 ಬೋರ್ಡಿಗೆ ಸಿಆರ್‌ಎಸ್‌ಎಫ್ ರಿಸೀವರ್ ತಂದು ಪರದಾಡುವವರಿದ್ದಾರೆ. ಕೈಯಲ್ಲಿ ಫ್ಲೈಸ್ಕೈ ಎಫ್‌ಎಸ್-ಐ6 ಇದ್ದು ಗದ್ದೆಯೊಳಗೆ ಕಲಿಯುತ್ತಿದ್ದರೆ ಐಬಸ್ ಇರುವ ಐಎ6ಬಿ ಸಾಕು, ಸುಮ್ನೆ ಖರ್ಚು ಮಾಡಬೇಡಿ. ರಿಮೋಟೂ ಹೊಸದು ತಗೊಳ್ಳುವುದಾದರೆ ನನ್ನ ಮತ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ 2.4ಕ್ಕೆ. ದೊಡ್ಡ ರೆಕ್ಕೆಯ ವಿಮಾನಕ್ಕೆ ಎರಡು ಆಂಟೆನಾದ ಡೈವರ್ಸಿಟಿ ರಿಸೀವರ್ ತಗೊಳ್ಳಿ, ವಿಮಾನ ತಿರುಗಿದಾಗ ಒಂದು ಆಂಟೆನಾ ಮರೆಯಾದರೆ ಇನ್ನೊಂದು ಹಿಡಿಯುತ್ತೆ. ಪಿಡಬ್ಲ್ಯುಎಂ (ಪ್ರತಿ ಚಾನೆಲ್ಲಿಗೂ ಬೇರೆ ತಂತಿ) ಮಾತ್ರ ಕೊಡುವ ರಿಸೀವರ್ ಬೋರ್ಡ್ ಇಲ್ಲದ ವಿಮಾನಕ್ಕೆ ಸರಿ, ಬೋರ್ಡಿಗೆ ಬೇಡ.

ಎಲ್ಲಿ ನಿಲ್ಲಿಸಬೇಕು

ಲೈಪೊ ಬ್ಯಾಟರಿ ಉಬ್ಬಿದ್ದರೆ ಪರೀಕ್ಷೆ ನಿಲ್ಲಿಸಿ, ಅದನ್ನು ಹೊರಗೆ ಬಯಲಲ್ಲಿಡಿ, ಮತ್ತೆ ಚಾರ್ಜ್ ಮಾಡಬೇಡಿ. ಸುಟ್ಟ ವಾಸನೆ ಬಂದ ಬೋರ್ಡಿಗೆ ಇನ್ನೊಂದು ರಿಸೀವರ್ ಹಾಕಿ ನೋಡಬೇಡಿ, ಬೋರ್ಡಿನ 5 ವೋಲ್ಟ್ ಏರಿದ್ದರೆ ಆ ರಿಸೀವರೂ ಹೋಗುತ್ತೆ. ಎದ್ದುಹೋದ ಆಂಟೆನಾ ಕನೆಕ್ಟರನ್ನು ದಪ್ಪ ಐರನ್ನಿನಲ್ಲಿ ಕೂರಿಸಲು ಹೋಗದೆ, ಹಾಟ್ ಏರ್ ಇರುವ ಮೊಬೈಲ್ ರಿಪೇರಿಯವರಿಗೆ ಕೊಡಿ, ಅವರಿಗೆ ಅದು ದಿನನಿತ್ಯದ ಕೆಲಸ. ಗೊತ್ತಿದ್ದವರನ್ನು ಕೇಳುವಾಗ ‘ವರ್ಕ್ ಆಗ್ತಿಲ್ಲ’ ಅಂತಷ್ಟೇ ಕಳಿಸಬೇಡಿ. ಬೋರ್ಡಿನ ಎರಡೂ ಬದಿಯ ಫೋಟೊ, ರಿಸೀವರಿನ ಫೋಟೊ, ಲೈಟ್ ಮಿನುಗುವುದರ ಪುಟ್ಟ ವಿಡಿಯೊ, ಎರಡೂ ಕಡೆಯ ಫರ್ಮ್‌ವೇರ್ ಆವೃತ್ತಿ, ಸಿಎಲ್‌ಐಯಲ್ಲಿ ಸ್ಟೇಟಸ್ ಮತ್ತು ಡಿಫ್ (ಬದಲಿಸಿದ ಸೆಟ್ಟಿಂಗುಗಳ ಪಟ್ಟಿ) ಕೊಟ್ಟಾಗ ಬಂದದ್ದು, ಇಷ್ಟು ಕಳಿಸಿದರೆ ಶಿರಸಿಯಲ್ಲಿ ಕೂತವರಿಗೆ ಭಟ್ಕಳದ ವಿಮಾನದ ತಪ್ಪೂ ಗೊತ್ತಾಗುತ್ತೆ.